ನರದ ಆಪರೇಶನ್ ಆಗಿ 5 ತಿಂಗಳು, ಕುಂತ್ರೆ ಬರೋ ಉರಿ ಕಡಿಮೆ ಆಗೈತೆ, ಆದ್ರೆ ಅಲ್ಲಿ ಸ್ಪರ್ಶ ವಾಪಸ್ ಬಂದಿಲ್ಲ. ಯಾರಿಗಾದ್ರೂ ಅನುಭವ ಐತಾ?

ಕೌಲ್_ಬಜಾರ್_ಟೈಲರ್
ನಮಸ್ಕಾರ ಎಲ್ರಿಗೂ. ಒಂದು ವಾರದಿಂದ ಬರೆಯೋದು ಅಳಿಸೋದು ಮಾಡ್ತಿದೀನಿ, ಇವತ್ತು ಏನಾದ್ರೂ ಆಗ್ಲಿ ಅಂತ ಹಾಕ್ತಿದೀನಿ. ನಂಗೆ 39. ಬಳ್ಳಾರಿ ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯೋ ಯೂನಿಟ್‌ನಾಗೆ 16 ವರ್ಷದಿಂದ ಕೆಲಸ. ಸೀಜನ್ ಇದ್ದಾಗ ದಿನಕ್ಕೆ 12 ತಾಸು ಮಿಷಿನ್ ಮುಂದೆ ಮರದ ಸ್ಟೂಲ್ ಮೇಲೆ ಕುಂತಿರ್ತೀವಿ. ನಾಕು ವರ್ಷದ ಹಿಂದೆ ಎಡಗಡೆ ಕುಂಡಿ ಮೂಳೆಯಿಂದ ಮುಂದಿನ ತನಕ ಉರಿ ಶುರುವಾಯ್ತು. ಕುಂತ್ರೆ ಉರಿ, ನಿಂತ್ರೆ ಕಡಿಮೆ, ಮಲಗಿದ್ರೆ ಇಲ್ಲವೇ ಇಲ್ಲ. ಮೊದ್ಲು ಪೈಲ್ಸ್ ಅಂದ್ರು, ಅದರ ಆಪರೇಶನ್ನೂ ಮಾಡಿದ್ರು, ಉರಿ ಹಂಗೇ ಇತ್ತು. ಆಮೇಲೆ ಪ್ರಾಸ್ಟೇಟ್ ಇನ್ಫೆಕ್ಷನ್ ಅಂತ ತಿಂಗಳುಗಟ್ಲೆ ಆಂಟಿಬಯಾಟಿಕ್ ನುಂಗಿದೆ. ಕೊನೆಗೆ ಬೆಂಗಳೂರ್ನಾಗೆ ಒಬ್ರು ಡಾಕ್ಟ್ರು ಎಲ್ಲಾ ಕೇಳಿ "ಕಮೋಡ್ ಮೇಲೆ ಕುಂತಾಗ ನೋವು ಕಡಿಮೆನಾ?" ಅಂದ್ರು. ಹೌದು, ನಾಕು ವರ್ಷದಾಗೆ ಯಾರೂ ಅದನ್ನ ಕೇಳಿರ್ಲಿಲ್ಲ. ಪ್ಯುಡೆಂಡಲ್ ನರ, ಅಂದ್ರೆ ಕುಂಡಿ ಒಳಗಿಂದ ಮುಂದೆ ಗುಪ್ತಾಂಗದ ತನಕ ಹೋಗೋ ನರ, ಒತ್ಕೊಂಡಿರ್ಬಹುದು ಅಂತ ನರದ ಹತ್ರ ಮರಗಟ್ಟೋ ಇಂಜೆಕ್ಷನ್ ಕೊಟ್ಟು ನೋಡಿದ್ರು, ಕೆಲವು ತಾಸು ಪೂರ್ತಿ ಆರಾಮ ಆಯ್ತು. ಆಮೇಲೆ ಆಪರೇಶನ್.

ಈಗ ಒಂದು ತಾಸು ಕುಂತ್ಕೊಳ್ಳೋಕೆ ಆಗ್ತೈತೆ, ಅದು ದೊಡ್ಡದು. ಆದ್ರೆ ಎಡಗಡೆ ಸ್ಪರ್ಶ ಇಲ್ಲ. ದಪ್ಪ ಡೆನಿಮ್ ಬಟ್ಟೆ ಮೇಲಿಂದ ಮುಟ್ಟಿದಂಗೆ. ನಿಮಿರೋದು ಸುಮಾರಾಗಿ ಆಗ್ತೈತೆ, ಸ್ಖಲನನೂ ಆಗ್ತೈತೆ, ಆದ್ರೆ ಆ ಕೊನೇ ಸುಖ ಅನ್ನೋದೇ ಇಲ್ಲ, ಯಾರಿಗೋ ಆದಂಗೆ. ಹೋದ ಸಲ ಚೆಕಪ್‌ಗೆ ಹೋದಾಗ ಕೇಳ್ಬೇಕು ಅಂತ ಮನಸ್ಸು ಗಟ್ಟಿ ಮಾಡ್ಕೊಂಡು ಹೋಗಿದ್ದೆ, ಪಕ್ಕದಾಗೆ ನಮ್ಮಣ್ಣ ಕುಂತಿದ್ದ, ಬಾಯಿ ಬರ್ಲಿಲ್ಲ. ಮನೆಯಾಕಿ ಏನೂ ಕೇಳಲ್ಲ, ನಾನೂ ಏನೂ ಹೇಳಲ್ಲ. ಇದು ವಾಪಸ್ ಬರ್ತೈತಾ? ಎಷ್ಟು ದಿನಕ್ಕೆ? ಆಪರೇಶನ್ನಾಗೆ ನರ ಕಟ್ ಆಗಿರ್ಬಹುದಾ ಅಂತ ರಾತ್ರಿ ಎಲ್ಲಾ ಯೋಚನೆ.

ಎಡದಂಡೆ_ರಾಯಚೂರು
ಅಣ್ಣಾ, ಮೊದ್ಲು ಬರ್ದಿದ್ದಕ್ಕ ದೊಡ್ಡ ನಮಸ್ಕಾರ. ನಂದೂ ಇದೇ ಕಥಿ. ಸಿಂಧನೂರಿಂದ ರಾಯಚೂರಿಗೆ ಬೈಕ್ ಮ್ಯಾಲ ದಿನಾ ಓಡಾಟ, ಭತ್ತದ ವ್ಯಾಪಾರ. ಹೈದರಾಬಾದಿಗೆ ಹೋಗಿ ಆಪರೇಶನ್ ಮಾಡ್ಸಿಕೊಂಡು ಎರಡು ವರ್ಷ ಆಯ್ತು. 5 ತಿಂಗಳಿಗೆ ನಾನೂ ನಿಮ್ಮಂಗೇ ಇದ್ದೆ, ಕರೆಕ್ಟಾಗಿ ನಿಮ್ಮಂಗೇ. 7ನೇ ತಿಂಗಳಾಗ ಇರುವಿ ಹರಿದಂಗ ಆಗಾಕ ಹತ್ತಿತು, ನೋವು ವಾಪಸ್ ಬಂತು ಅಂತ ಹೆದರಿದ್ದೆ, ನಮ್ಮ ಡಾಕ್ಟರ್ ಅದು ನರ ಎಚ್ಚರ ಆಗೂದು ಅಂದ್ರು. ವರ್ಷ ತುಂಬೂದ್ರಾಗ ಸುಮಾರು ಮುಕ್ಕಾಲು ಭಾಗ ಬಂತು. ಪೂರ್ತಿ ಬಂದದ ಅಂತ ಸುಳ್ಳು ಹೇಳಂಗಿಲ್ಲ.

ನರ ದಿನಕ್ಕ 1 ಮಿಲಿಮೀಟರ್ ಬೆಳಿತದ. ಕುಂಡಿ ಒಳಗಿಂದ ತುದಿ ತನಕ ಒಂದು ಗೇಣು ಹಿಡೀರಿ, 200 ದಿನದ ಮ್ಯಾಲ ಆತು. ಲೆಕ್ಕ ಅಷ್ಟೇ. ತಾಳ್ಮಿ ಬೇಕು.

ಸಂಡೂರು_ಟಿಪ್ಪರ್
5 ತಿಂಗಳು ಏನೂ ಅಲ್ಲ ಗುರು. ಧೈರ್ಯ ಇರ್ಲಿ

ಕೋಟೆ_ಬೆಟ್ಟ
ಎಲ್ಲಾ ಓಕೆ, ಆದ್ರೆ ಇಂಥವೆಲ್ಲ ಇಲ್ಲಿ ಬರೀಬೇಕಾ? ಹೆಣ್ಮಕ್ಳೂ ಓದ್ತಾರೆ ಇಲ್ಲಿ. ಡಾಕ್ಟ್ರ ಹತ್ರ ಕೇಳಿದ್ರೆ ಮುಗೀತು.

ಕೊಪ್ಪಳದ_ಟೀಚರ್
ಹೆಣ್ಮಕ್ಳು ಓದ್ತಾರ ಅಂದ್ರಲ್ಲ, ಓದಾಕತ್ತೀನಿ ನೋಡ್ರಿ, ಮತ್ತ ಬರಿಯಾಕತ್ತೀನಿ ಸೈತ. ಈ ನರ ಹೆಣ್ಮಕ್ಕಳಿಗೂ ಐತಿ. ನನಗ ಎರಡನೇ ಹೆರಿಗಿ ಆದ ಮ್ಯಾಲ ಶುರುವಾತು, ಮಗು ದೊಡ್ಡದಿತ್ತು, ಬಾಳ ತಾಸು ತಿಣುಕಿದ್ದೆ. ಕುಂತ್ರ ಬಲಗಡೆ ಚಾಕು ಚುಚ್ಚಿದಂಗ. ಕ್ಲಾಸ್ನಾಗ ನಿಂತು ಪಾಠ ಮಾಡೂದು ನನಗ ಆರಾಮ, ಸ್ಟಾಫ್ ಮೀಟಿಂಗ್ ಅಂದ್ರ ಕಣ್ಣಾಗ ನೀರು. ಮೂರು ವರ್ಷ ಎಲ್ಲರೂ "ಹೆರಿಗಿ ಆದ ಮ್ಯಾಲ ಹಂಗ ಇರ್ತತಿ" ಅಂದ್ರು. ಗಂಡನ ಜೋಡಿ ಇರೂದು ಅಂದ್ರ ಮೊದ್ಲು ನೋವು, ಆಪರೇಶನ್ ಆದ ಮ್ಯಾಲ ಪೂರಾ ಜೋಮು. ಗಂಡಸರಿಗೆ ನಿಮಿರೂದು ಆಗ್ತತಿ ಇಲ್ಲ ಅಂತ ಕೇಳೋರರ ಒಬ್ರು ಇರ್ತಾರ. ನನಗ ಒಬ್ಬ ಡಾಕ್ಟರ್ ಸೈತ "ನಿಮಗ ಸುಖ ಅನ್ನಸ್ತತೇನಮ್ಮ" ಅಂತ ಕೇಳಲಿಲ್ಲ. ಟೈಲರ್ ಅಣ್ಣಾರ, ನೀವು ಬರ್ದಿದ್ದು ಓದಿ ನಾನು ಅತ್ತೀನಿ, ಸಂಕಟಕ್ಕಲ್ಲ, ಒಬ್ಬಾಕಿನ ಅಲ್ಲ ನಾನು ಅಂತ.

ರಾಯಚೂರು_ಬಿಸಿಲು
ಟೀಚರ್ ಹೇಳಿದ್ದು ನೂರಕ್ಕ ನೂರು ಸತ್ಯ 👏

ಕೋಟೆ_ಬೆಟ್ಟ
ಸರಿ ಅಕ್ಕ, ತಪ್ಪಾಯ್ತು. ನಾನು ಹಂಗೆ ಯೋಚನೆ ಮಾಡಿರ್ಲಿಲ್ಲ. ಬರೀರಿ ಎಲ್ರೂ.

ಫಿಸಿಯೋ_ಗಂಗಾವತಿ
ಎಡದಂಡೆ ಸರ್ ಹೇಳಿದ ಲೆಕ್ಕಕ್ಕೆ ಒಂದು ತಿದ್ದುಪಡಿ. ದಿನಕ್ಕೆ ಸುಮಾರು 1 ಮಿಲಿಮೀಟರ್ ಅನ್ನೋದು ನರದ ಒಳಗಿನ ಎಳೆ ತುಂಡಾಗಿ ಮತ್ತೆ ಬೆಳೀಬೇಕಾದಾಗ. ಒತ್ತಡದಿಂದ ಎಳೆ ಮೇಲಿನ ಕವಚ ಮಾತ್ರ ಹಾಳಾಗಿದ್ರೆ ಎಳೆ ಹಂಗೇ ಇರುತ್ತೆ, ಕವಚ ರಿಪೇರಿ ಆದ್ರೆ ಸಾಕು, ಅದು ವಾರಗಳಿಂದ ಕೆಲವು ತಿಂಗಳಲ್ಲೇ ಆಗಬಹುದು. ವರ್ಷಗಟ್ಟಲೆ ಒತ್ತಿದ ನರದಲ್ಲಿ ಎರಡೂ ಬೆರೆತಿರುತ್ತೆ, ಅದಕ್ಕೇ ಇಂಥ ದಿನಕ್ಕೆ ವಾಪಸ್ ಬರುತ್ತೆ ಅಂತ ಯಾರೂ ಬರ್ಕೊಡೋಕಾಗಲ್ಲ. ಗೇಣು ಲೆಕ್ಕ ಹಾಕಿ 200ನೇ ದಿನಕ್ಕೆ ಬರ್ಲಿಲ್ಲ ಅಂತ ಎದೆ ಒಡ್ಕೋಬೇಡಿ.

ಇನ್ನೊಂದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಪ್ಯುಡೆಂಡಲ್ ನರ ಬೆನ್ನುಹುರಿಯ ಕೆಳತುದಿಯ ಎಸ್2, ಎಸ್3, ಎಸ್4 ಅನ್ನೋ ನರದ ಬೇರಿಂದ ಹೊರಟು ಎರಡು ಗಟ್ಟಿ ಲಿಗಮೆಂಟ್ (ಮೂಳೆ ಕಟ್ಟೋ ಪಟ್ಟಿ) ನಡುವೆ ನುಸುಳಿ, ಆಲ್ಕಾಕ್ ಕಾಲುವೆ ಅನ್ನೋ ಇಕ್ಕಟ್ಟಿನ ದಾರೀಲಿ ಮುಂದೆ ಹೋಗುತ್ತೆ. ಮೂರು ಕವಲು: ಒಂದು ಗುದದ ಕಡೆ, ಒಂದು ನಡುವಿನ ಜಾಗಕ್ಕೆ, ಒಂದು ಶಿಶ್ನ ಅಥವಾ ಹೆಣ್ಮಕ್ಕಳ ಚಂದ್ರನಾಡಿಗೆ (ಕ್ಲಿಟೋರಿಸ್). ಇದರ ಕೆಲಸ ಸ್ಪರ್ಶ, ಜೊತೆಗೆ ಸ್ಖಲನದ ಹೊತ್ತಿಗೆ ಮಿಡಿಯೋ ಸ್ನಾಯುಗಳು. ನಿಮಿರೋಕೆ ರಕ್ತ ತುಂಬಿಸೋ ಸಂದೇಶ ಮುಖ್ಯವಾಗಿ ಬೇರೆ ನರಗಳಿಂದ ಬರುತ್ತೆ, ಬೇರು ಅದೇ ಎಸ್2ರಿಂದ 4, ಆದ್ರೆ ದಾರಿ ಬೇರೆ. ಟೈಲರ್ ಸರ್ ನಿಮಗೆ ನಿಮಿರೋದು ಇದೆ, ಸುಖ ಮಸುಕಾಗಿದೆ ಅಂದ್ರೆ ಇದಕ್ಕೆ ಹೊಂದುತ್ತೆ. ನರ ಕಟ್ ಆಗಿದೆಯಾ ಅನ್ನೋ ಪ್ರಶ್ನೆ ನಿಮ್ಮ ಸರ್ಜನ್‌ಗೆ ನೇರವಾಗಿ ಕೇಳಿ. ಆಪರೇಶನ್ ನೋಟ್ಸ್ ಕಾಪಿ ತಗೊಳ್ಳಿ, ಅದು ನಿಮ್ಮ ಹಕ್ಕು.

ಯೋಗಾಭ್ಯಾಸಿ_ಬಳ್ಳಾರಿ
ಮೂಲಬಂಧ ಮಾಡಿ ಸರ್, ಕೆಳಗಿನ ಸ್ನಾಯು ಒಳಗೆ ಎಳೆದು ಬಿಗಿ ಹಿಡಿಯೋದು. ದಿನಾ ಬೆಳಿಗ್ಗೆ 100 ಸಲ. ಇಂಗ್ಲಿಷ್‌ನೋರು ಕೆಗೆಲ್ ಅಂತಾರೆ, ನಮ್ಮಲ್ಲಿ ಎಷ್ಟೋ ಕಾಲದಿಂದ ಐತೆ. ಶಕ್ತಿ ವಾಪಸ್ ಬರುತ್ತೆ.

ಫಿಸಿಯೋ_ಗಂಗಾವತಿ
ಸರ್ ದಯವಿಟ್ಟು ಇದನ್ನ ಎಲ್ರಿಗೂ ಹೇಳ್ಬೇಡಿ. ಕೆಗೆಲ್ ವ್ಯಾಯಾಮ ಹೆರಿಗೆ ಆದ ಮೇಲೆ ಸ್ನಾಯು ಸಡಿಲ ಆಗಿ ಮೂತ್ರ ಸೋರೋರಿಗೆ 1948ರಲ್ಲಿ ಬರೆದದ್ದು. ವರ್ಷಗಟ್ಲೆ ನೋವು ತಡ್ಕೊಂಡೋರ ಕೆಳಗಿನ ಸ್ನಾಯು ಬಹಳ ಸಲ ಮುಷ್ಟಿ ಬಿಗಿದಂಗೆ ಇರುತ್ತೆ. ಬಿಗಿದ ಮುಷ್ಟಿನ 100 ಸಲ ಇನ್ನೂ ಬಿಗಿದ್ರೆ ಏನಾಗುತ್ತೆ? ನರ ಅದೇ ಸ್ನಾಯುಗಳ ನಡುವೆ ಹೋಗೋದು. ಮೊದ್ಲು ಬಿಡೋದು ಕಲೀಬೇಕು. ಹೊಟ್ಟೆ ಉಬ್ಬೋ ಹಂಗೆ ನಿಧಾನ ಉಸಿರು, ಒಳಗೆ ಎಳ್ಕೊಂಡಾಗ ಕೆಳಗಿನ ಸ್ನಾಯು ತಾನಾಗೇ ಇಳಿಯುತ್ತೆ. ಬಲ ಬರಿಸೋದು ಆಮೇಲೆ, ಅದೂ ಕೈಯಿಂದ ಪರೀಕ್ಷೆ ಮಾಡಿ ನೋಡಿದೋರು ಹೇಳಿದ್ರೆ ಮಾತ್ರ.

ಯೋಗಾಭ್ಯಾಸಿ_ಬಳ್ಳಾರಿ
ನಂಗೆ ಬೆನ್ನು ನೋವಿಗೆ ಉಪಯೋಗ ಆಗಿತ್ತು, ಅದಕ್ಕೆ ಹೇಳ್ದೆ. ಮೂಲಬಂಧದಾಗೂ ಬಿಡೋದು ಐತೆ ಮೇಡಂ, ಬರೀ ಹಿಡಿಯೋದಲ್ಲ.

ಫಿಸಿಯೋ_ಗಂಗಾವತಿ
ಆ ಬಿಡೋದನ್ನೇ ಕಲಿಸಿ ಸರ್, ನಂದೇನೂ ತಕರಾರಿಲ್ಲ.

ಕೊಪ್ಪಳದ_ಟೀಚರ್
ಮೂಲಬಂಧ ಮಾಡಿ ಮಾಡಿ ನಾನು ಎರಡು ತಿಂಗಳು ಹಾಳು ಮಾಡ್ಕೊಂಡೆ. ನನ್ನ ಅನುಭವ ಅಷ್ಟ.

ಸಂಡೂರು_ಟಿಪ್ಪರ್
ಒಂದು ಮಾತ್ರೆ ಐತಲ್ಲ ಮೆಡಿಕಲ್‌ನಾಗೆ, ನೀಲಿ ಬಣ್ಣದ್ದು, ಅದು ತಗೊಂಡ್ರೆ ಆಗಲ್ವಾ? ನಮ್ಮ ಡ್ರೈವರ್‌ಗಳು ತಗೊಂತಾರೆ.

ನೈಟ್_ಡ್ಯೂಟಿ_ಸಿಸ್ಟರ್
ಟಿಪ್ಪರ್ ಅಣ್ಣ, ಸಿಲ್ಡೆನಾಫಿಲ್ ರಕ್ತ ತುಂಬ್ಸುತ್ತೆ, ಸ್ಪರ್ಶ ತರಲ್ಲ. ಟೈಲರ್ ಅಣ್ಣನ ಕಷ್ಟ ಅದಲ್ಲ. ಡಾಕ್ಟರ್ ಬರೆದ್ರೆ ತಗೊಳ್ಳಿ, ನಿಮಿರೋದು ಕಮ್ಮಿ ಇದ್ರೆ ಧೈರ್ಯಕ್ಕೆ ಕೆಲವರಿಗೆ ಸಹಾಯ ಆಗುತ್ತೆ. ಆದ್ರೆ ಎದೆನೋವಿಗೆ ನಾಲಿಗೆ ಕೆಳಗೆ ಇಡೋ ನೈಟ್ರೇಟ್ ಮಾತ್ರೆ ತಗೊಳ್ಳೋರು ಇದನ್ನ ಮುಟ್ಟಲೇಬಾರದು, ಬಿಪಿ ಪಾತಾಳಕ್ಕೆ ಇಳಿಯುತ್ತೆ. ಲಾರಿ ಓಡಿಸೋರು ಒಬ್ರಿಗೊಬ್ರು ಹಂಚ್ಕೊಂಡು ತಿನ್ನೋದು ನಿಲ್ಲಿಸಿ ಅಂತ ಹೇಳಿ ಅವರಿಗೆ.

ಟೈಲರ್ ಅಣ್ಣ, ನೀವು ಈಗ ಯಾವ ಮಾತ್ರೆ ತಗೋತಿದೀರಿ? ನರದ ನೋವಿಗೆ ಕೊಡೋ ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್ ಎರಡೂ ಸ್ಖಲನ ತಡ ಮಾಡ್ತವೆ, ಸುಖ ಮಂಕು ಮಾಡ್ತವೆ, ಕೆಲವರಿಗೆ ಆಸೆನೇ ಇಳಿಯುತ್ತೆ. ಪ್ರಿಗ್ಯಾಬಲಿನ್‌ನಿಂದಲೂ ಕೆಲವರಿಗೆ ಹಂಗಾಗುತ್ತೆ. ಎಲ್ಲಾ ತಪ್ಪು ನರದ ಮೇಲೆ ಹಾಕಬೇಡಿ. ಹಂಗಂತ ನೀವಾಗೇ ಬಿಡ್ಬೇಡಿ, ಇದ್ದಕ್ಕಿದ್ದಂಗೆ ಬಿಟ್ರೆ ತೊಂದರೆ, ಡಾಕ್ಟರ್ ಹೇಳಿದಂಗೆ ನಿಧಾನಕ್ಕೆ ಇಳಿಸ್ಬೇಕು. ಶುಗರ್ ಟೆಸ್ಟ್ ಮಾಡ್ಸಿ, ಶುಗರ್ ಇದ್ರೆ ನರ ಗುಣ ಆಗೋದೂ ನಿಧಾನ.

ಮತ್ತೆ ಇದು ಎಲ್ರಿಗೂ: ಎರಡೂ ಕಡೆ, ಸೈಕಲ್ ಸೀಟು ತಾಗೋ ಜಾಗ ಪೂರ್ತಿ, ಇದ್ದಕ್ಕಿದ್ದಂಗೆ ಮರಗಟ್ಟಿದ್ರೆ, ಮೂತ್ರ ಬರದೇ ನಿಂತ್ರೆ ಅಥವಾ ಗೊತ್ತಿಲ್ದಂಗೆ ಹೋದ್ರೆ, ಕಾಲು ಶಕ್ತಿ ಕಳ್ಕೊಂಡ್ರೆ, ಅದು ಈ ನರ ಅಲ್ಲ, ಸೊಂಟದ ಡಿಸ್ಕ್ ಜಾರಿ ನರದ ಕಟ್ಟನ್ನೇ ಒತ್ತಿರಬಹುದು. ಬೆಳಿಗ್ಗೆ ನೋಡೋಣ ಅನ್ನಬೇಡಿ, ಆವಾಗಲೇ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗಿ, ಬಳ್ಳಾರಿಯೋ ರಾಯಚೂರು ರಿಮ್ಸೋ ಯಾವ್ದು ಹತ್ರ ಅದಕ್ಕೆ.

ಸಂಡೂರು_ಟಿಪ್ಪರ್
ಸಿಸ್ಟರ್ ಈ ಕೊನೇ ಮಾತು ಓದಿ ಕೈ ನಡುಗ್ತು. ನಮ್ಮ ಜೊತೆ ಅದಿರು ಹೊಡೀತಿದ್ದ ಹುಡುಗನಿಗೆ ಹಿಂಗೇ ಆಗಿತ್ತು. ಮೂತ್ರ ನಿಂತು ಎರಡು ದಿನ ಬಿಸಿಲಿಗೆ ಹಂಗಾಗೈತೆ ಅಂತ ಎಳನೀರು ಕುಡಿಸಿ ಮಲಗ್ಸಿದ್ರು. ಆಪರೇಶನ್ ಆಯ್ತು, ನಡೀತಾನೆ, ಆದ್ರೆ ಇವತ್ತಿಗೂ ಪೈಪ್ ಹಾಕ್ಕೊಂಡೇ ಮೂತ್ರ ಮಾಡ್ಬೇಕು. ಮದ್ವೆ ಆಗಿ ಒಂದು ವರ್ಷ ಆಗಿತ್ತು ಅವನಿಗೆ. ಆವಾಗ ಯಾರಾದ್ರೂ ಹೇಳಿದ್ರೆ ಹೊತ್ತಾಕ್ಕೊಂಡು ಓಡ್ತಿದ್ವಿ.

ಎಡದಂಡೆ_ರಾಯಚೂರು
ಫಿಸಿಯೋ ಮೇಡಂ ತಿದ್ದಿದ್ದು ಸರಿ ಅದ, ನಾನು ಒಂದೇ ಲೆಕ್ಕ ಹಿಡ್ಕೊಂಡಿದ್ದೆ. ಈ ನರದ ಆಪರೇಶನ್ ಬಗ್ಗೆ ಬಾಳ ಹೆಸರು ಮಾಡಿದ್ದು ಫ್ರಾನ್ಸ್ ದೇಶದ ನಾಂತ್ ಊರು. ಅಲ್ಲಿಯ ರೋಜೆ ರೋಬೆರ್ ಅನ್ನೋ ಸರ್ಜನ್ ತಂಡ 2005ರಾಗ ಒಂದು ಅಧ್ಯಯನ ಪ್ರಕಟ ಮಾಡ್ತು. 32 ಮಂದಿ, ಅರ್ಧ ಮಂದಿಗೆ ಆಪರೇಶನ್, ಅರ್ಧ ಮಂದಿಗೆ ಇಲ್ಲ. 3 ತಿಂಗಳಿಗೆ ಆಪರೇಶನ್ ಆದೋರಾಗ ಅರ್ಧ ಮಂದಿಗೆ ಸುಧಾರಣೆ, 12 ತಿಂಗಳಿಗೆ ನೋಡಿದ್ರ ಶೇಕಡಾ 71. ಅಂದ್ರ 3 ತಿಂಗಳ ಆದ ಮ್ಯಾಲೂ ಗುಣ ಆಗೂದು ನಡದೇ ಇತ್ತು. ನಾನು ಇದನ್ನೇ ಹಿಡ್ಕೊಂಡು ದಿನ ತೆಗದೀನಿ.

ಫಿಸಿಯೋ_ಗಂಗಾವತಿ
ಹೌದು, ಆದ್ರೆ ಅದು ನೋವಿನ ಲೆಕ್ಕ. ಸ್ಪರ್ಶಕ್ಕೂ ಲೈಂಗಿಕ ಸುಖಕ್ಕೂ ಅದೇ ಸಂಖ್ಯೆ ಅಂತ ತಿಳ್ಕೋಬಾರದು.

ಹನುಮನಾಳ_ಹುಡುಗ
ಎಲ್ರೂ ಬಂತು ಬಂತು ಅಂತೀರಿ. ನನಗ ಒಂದೂವರೆ ವರ್ಷ ಆತು, ಬಂದಿಲ್ಲ. ನೋವು ಅರ್ಧ ಹೋಗೇತಿ, ಸ್ಪರ್ಶ ಹಂಗ ಐತಿ. ಬಾಳ ವರ್ಷ ತಡ ಮಾಡಿ ಬಂದಿ ಅಂದ್ರು ಡಾಕ್ಟರ್. ತಡ ಮಾಡಿದ್ದು ನಾನಲ್ಲ, ಬಸ್ ಸ್ಟ್ಯಾಂಡ್ ಗ್ವಾಡಿ ಮ್ಯಾಲ ಗುಪ್ತರೋಗ ಅಂತ ಬರದಿರ್ತಾರಲ್ಲ, ಅಂತಾ ಒಬ್ಬನ ಕಡೆ ಎರಡು ವರ್ಷ ಹೋಗೀನಿ. ಹಸ್ತಮೈಥುನ ಮಾಡಿ ಹಿಂಗ ಆಗೇತಿ ಅಂದ, ಭಸ್ಮ ಕೊಟ್ಟ, 40 ಸಾವಿರ ತಗೊಂಡ. ಅಪ್ಪ ಎತ್ತು ಮಾರಿದ ರೊಕ್ಕ ಅದು. ಅವಾ ಹಾಕಿದ ನಾಚಿಕಿ ಇನ್ನೂ ಎದಿಯಾಗ ಕುಂತೇತಿ.

ಕೊಪ್ಪಳದ_ಟೀಚರ್
ತಮ್ಮಾ, ನಿಂದೇನೂ ತಪ್ಪಿಲ್ಲ. ಹಸ್ತಮೈಥುನದಿಂದ ನರ ಒತ್ತಂಗಿಲ್ಲ, ಶಕ್ತಿ ಸೋರಂಗಿಲ್ಲ. ನಿನ್ನ ರೊಕ್ಕ ತಿಂದು ನಿನಗ ಪಾಪ ಅಂಟಿಸಿದ ಅವಾ. ನಾನು ಎಂಟನೇತ್ತೆ ಹುಡುಗರಿಗೆ ಸೈನ್ಸ್ ಹೇಳ್ತೀನಿ, ಆ ಪಾಠ ಬಂದಾಗ ಈಗ ಜಿಗದು ಮುಂದ ಹೋಗಂಗಿಲ್ಲ, ನಿಂತು ಹೇಳ್ತೀನಿ.

ನೈಟ್_ಡ್ಯೂಟಿ_ಸಿಸ್ಟರ್
ಹನುಮನಾಳ ತಮ್ಮ, ಒಂದೂವರೆ ವರ್ಷಕ್ಕೆ ಬಾಗಿಲು ಮುಚ್ಚಿಹೋಯ್ತು ಅನ್ನಬೇಡಿ, ಆದ್ರೆ ಸುಮ್ನೆ ಕಾಯ್ಬೇಡಿ ಕೂಡ. ಮತ್ತೆ ತೋರಿಸಿ, ಬೇರೆ ಕಡೆ ನರ ಇನ್ನೂ ಒತ್ತಿದೆಯಾ, ಗಾಯದ ಕಲೆ ಎಳೀತಿದೆಯಾ, ಮಾತ್ರೆಯಿಂದನಾ ನೋಡ್ತಾರೆ. ಮನಸ್ಸು ತೀರಾ ಕುಗ್ಗಿದ್ರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಫೋನ್ ಫ್ರೀ, ಕನ್ನಡದಲ್ಲೇ ಮಾತಾಡಬಹುದು.

ಹನುಮನಾಳ_ಹುಡುಗ
ಆತು ಅಕ್ಕಾ. ನಂಬರ್ ಬರ್ಕೊಂಡೀನಿ.

ರಾಯಚೂರು_ಬಿಸಿಲು
ಒಂದು ಡೌಟ್, ಊಟದ್ದು ಏನಾದ್ರೂ ಪಥ್ಯ ಅದಏನ್ರಿ? ಖಾರ ತಿಂದ್ರ ಉರಿ ಜಾಸ್ತಿ ಅಂತಾರ

ಎಡದಂಡೆ_ರಾಯಚೂರು
ಖಾರಕ್ಕೂ ಈ ನರಕ್ಕೂ ಸಂಬಂಧ ಇಲ್ರಿ. ಮಲಬದ್ಧತೆ ಆಗಬಾರದು ಅಷ್ಟೇ, ತಿಣುಕಿದ್ರ ನರ ಎಳಿತದ. ಜ್ವಾಳದ ರೊಟ್ಟಿ, ಪುಂಡಿಪಲ್ಯ, ನೀರು ಚೊಲೋತ್ನ್ಯಾಗ ಕುಡೀರಿ, ರಾತ್ರಿ ಇಸಬಗೋಲ್. ಅಮಿಟ್ರಿಪ್ಟಿಲಿನ್ ತಗೊಳ್ಳೋರಿಗೆ ಹೊಟ್ಟಿ ಕಟ್ಟೂದು ಇನ್ನೂ ಜಾಸ್ತಿ.

ಸಂಡೂರು_ಟಿಪ್ಪರ್
ಬಳ್ಳಾರಿಯೋರಿಗೆ ಮಂಡಕ್ಕಿ ಮಿರ್ಚಿ ಬಿಡು ಅಂದ್ರೆ ಆಗಲ್ಲ ಬಿಡ್ರಿ 🌶️

ರಾಯಚೂರು_ಬಿಸಿಲು
ಮಂಡಕ್ಕಿ ಅಂದ್ರ ನಮ್ಮ ಕಡೆ ಸೂಸಲಾ. ಸೂಸಲಾ ಮಿರ್ಚಿ

ಸಂಡೂರು_ಟಿಪ್ಪರ್
ಹೆಸರು ಏನಾದ್ರೂ ಇರ್ಲಿ ಮಿರ್ಚಿ ಬಳ್ಳಾರಿದೇ

ಹೆಸರು_ಬ್ಯಾಡ_ರಾಯಚೂರು
ನಾನು ರೋಗಿ ಅಲ್ಲ, ರೋಗಿಯ ಹೆಂಡತಿ. ಟೈಲರ್ ಅಣ್ಣಾರು "ಮನೆಯಾಕಿ ಏನೂ ಕೇಳಲ್ಲ" ಅಂತ ಬರ್ದಾರ, ಅದಕ್ಕ ಬರೀಲಾರದ ಇರಕ್ಕಾಗಲಿಲ್ಲ. ನಾನೂ ಏನೂ ಕೇಳ್ತಿದ್ದಿಲ್ಲ. ಯಾಕಂದ್ರ ನನಗ ಅನ್ನಿಸಿದ್ದು, ಇವರಿಗೆ ನಾನು ಬ್ಯಾಡಾಗೀನಿ ಅಂತ. ಎರಡು ಹಡದೀನಿ, ದಪ್ಪ ಆಗೀನಿ, ಅದಕ್ಕ ಇರ್ಬೇಕು ಅಂತ ರಾತ್ರಿ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಿದ್ದೆ. ಅವರಿಗೆ ಏನನ್ನಿಸ್ತಿತ್ತಂದ್ರ ಇಕಿಗೆ ಸಿಟ್ಟು ಬಂದದ, ಗಂಡಸ್ತನ ಇಲ್ಲ ಅಂತ ತಿಳ್ಕೊಂಡಾಳ ಅಂತ. ಎಂಟು ತಿಂಗಳು ಒಂದೇ ಕ್ವಾಣ್ಯಾಗ ಇಬ್ರೂ ಹಿಂಗೇ. ಒಂದಿನ ಕರೆಂಟ್ ಹೋಗಿತ್ತು, ಮಾಳಿಗಿ ಮ್ಯಾಲ ಮಲಗಿದ್ವಿ, ಮಕ್ಕಳು ನಿದ್ದಿ ಹತ್ತಿದ್ರು. ಕತ್ತಲದಾಗ ಮಾರಿ ಕಾಣಂಗಿಲ್ಲ ಅಂತ ಧೈರ್ಯ ಬಂತೇನೋ, ಅವರೇ ಹೇಳಿದ್ರು, "ನೀ ಮುಟ್ಟಿದ್ರೂ ನನಗ ಗೊತ್ತಾಗವಲ್ದು" ಅಂತ. ಅಷ್ಟೇ ಹೇಳಿದ್ದು. ನಾನು ಅವರ ಕೈ ಹಿಡ್ಕೊಂಡು, ಇದು ಗೊತ್ತಾಗ್ತದೇನು ಅಂತ ಕೇಳಿದೆ. ಗೊತ್ತಾಗ್ತದ ಅಂದ್ರು. ಅಲ್ಲಿಂದ ಶುರು ನಮ್ಮದು.

ಆಮ್ಯಾಲ ಹೈದರಾಬಾದಿನ ಕೌನ್ಸೆಲರ್ ಹೇಳಿದ್ರು, ಕೆಲವು ವಾರ ಸಂಭೋಗ ಮಾಡೂದೇ ಬ್ಯಾಡ ಅಂತ ಇಬ್ರೂ ಮಾತಾಡ್ಕೋರಿ, ಬರೇ ಮುಟ್ಟೂದು, ಬೆನ್ನು, ಕುತ್ತಿಗಿ, ತೊಡಿ. ಎಲ್ಲಿ ಚೊಲೋ ಅನ್ನಿಸ್ತದ ಬಾಯಿ ಬಿಟ್ಟು ಹೇಳ್ರಿ, ಏನೂ ಆಗಲಿಲ್ಲಂದ್ರ ಅದು ಸೋಲಲ್ಲ ಅಂತ. 14 ವರ್ಷದ ಸಂಸಾರದಾಗ ನನಗ ಏನು ಚೊಲೋ ಅನ್ನಿಸ್ತದ ಅಂತ ಅವರು ಕೇಳಿದ್ದು ಅವಾಗೇ ಮೊದಲು. ಅವರ ಸ್ಪರ್ಶ ಪೂರ್ತಿ ಬಂದಿಲ್ಲ ಇನ್ನೂ. ಆದ್ರ ನಾನು ಗ್ವಾಡಿ ಕಡೆ ಮಾರಿ ಮಾಡಿ ಮಲಗಂಗಿಲ್ಲ ಈಗ.

ಕೊಪ್ಪಳದ_ಟೀಚರ್
ಅಕ್ಕಾರ... ಏನು ಬರೀಬೇಕು ತಿಳೀವಲ್ದು. 🙏

ಕೋಟೆ_ಬೆಟ್ಟ
ಇದನ್ನ ನಾನು ನಮ್ಮ ಮನೆಯವ್ರಿಗೆ ಓದಿ ಹೇಳ್ದೆ.

ಫಿಸಿಯೋ_ಗಂಗಾವತಿ
ಅಕ್ಕ ಹೇಳಿದ್ದರ ಜೊತೆ ಒಂದು ಸಣ್ಣದು. ಸ್ಪರ್ಶಕ್ಕೂ ಅಭ್ಯಾಸ ಬೇಕು. ಗಾಯ ಪೂರ್ತಿ ಮಾಗಿದ ಮೇಲೆ ದಿನಕ್ಕೆ ಎರಡು ಮೂರು ನಿಮಿಷ, ಹತ್ತಿ, ಮೆತ್ತನೆ ಬಟ್ಟೆ, ಸ್ವಲ್ಪ ಒರಟು ಬಟ್ಟೆ, ಮೊದ್ಲು ಸರಿಯಿರೋ ಕಡೆ ಮುಟ್ಟಿ ಗಮನ ಇಟ್ಟು, ಆಮೇಲೆ ಜೋಮಿರೋ ಕಡೆ. ಮೆದುಳಿಗೆ ಆ ಜಾಗ ಮತ್ತೆ ಪರಿಚಯ ಆಗ್ಬೇಕು. ಉರಿ ಬಂದ್ರೆ ನಿಲ್ಲಿಸಿ. ದಿನಾ ಬಂತಾ ಬಂತಾ ಅಂತ ಪರೀಕ್ಷೆ ಮಾಡೋಕೆ ಹೋಗ್ಬೇಡಿ, ಆ ಆತಂಕಕ್ಕೇ ಸ್ನಾಯು ಬಿಗಿಯುತ್ತೆ.

ಕೌಲ್_ಬಜಾರ್_ಟೈಲರ್
ಎಲ್ರಿಗೂ, ಇಪ್ಪತ್ತು ದಿನ ಆದಮೇಲೆ ಬರೀತಿದೀನಿ, ಕ್ಷಮಿಸಿ. ರಾಯಚೂರು ಅಕ್ಕ ಬರ್ದಿದ್ದು ಓದಿ ಎರಡು ದಿನ ಏನೂ ಮಾಡೋಕಾಗ್ಲಿಲ್ಲ. ಮೂರನೇ ದಿನ ಫೋನ್ ಮನೆಯಾಕಿ ಕೈಗೆ ಕೊಟ್ಟು, ಇದು ಓದು ಅಂತ ಹೇಳಿ ಹೊರಗೆ ಹೋಗಿ ಕುಂತೆ. ಆಕಿ ಬಂದು ಪಕ್ಕದಾಗೆ ಕುಂತ್ಲು, "ಅಣ್ಣನ್ನ ಕರ್ಕೊಂಡು ಹೋಗೋದು ಬಿಡು, ಈ ಸಲ ನಾನು ಬರ್ತೀನಿ" ಅಂದ್ಲು. ಹಂಪಿ ಎಕ್ಸ್‌ಪ್ರೆಸ್ ಸ್ಲೀಪರ್‌ನಾಗೆ ಮಲಗಿಕೊಂಡೇ ಹೋದ್ವಿ, ಬಸ್ಸಾಗೆ ರಾತ್ರಿಪೂರ್ತಿ ಕುಂತು ಹೋಗೋಕೆ ನನ್ನಿಂದ ಆಗಲ್ಲ. ಕೇಳ್ಬೇಕಾದ್ದನ್ನೆಲ್ಲ ಒಂದು ಚೀಟಿ ಮೇಲೆ ಬರ್ಕೊಂಡು ಡಾಕ್ಟ್ರ ಕೈಗೇ ಕೊಟ್ಟೆ, ಬಾಯಲ್ಲಿ ಹೇಳೋದು ತಪ್ತು. ಅವರು ನಗಲಿಲ್ಲ, ಏನಿಲ್ಲ, ಒಂದೊಂದೇ ಓದಿ ಉತ್ತರ ಹೇಳಿದ್ರು. ನರ ಕಟ್ ಆಗಿಲ್ಲ, ಬಿಡಿಸುವಾಗ ಸುತ್ತ ಗಟ್ಟಿಯಾಗಿ ಅಂಟ್ಕೊಂಡಿತ್ತು, ಅದಕ್ಕೆ ಟೈಮ್ ಬೇಕು ಅಂದ್ರು. ಸಿಸ್ಟರ್ ಹೇಳಿದಂಗೆ ಅಮಿಟ್ರಿಪ್ಟಿಲಿನ್ ಇತ್ತು, ಅದನ್ನ ನಿಧಾನಕ್ಕೆ ಇಳಿಸೋಕೆ ಬರ್ಕೊಟ್ಟಿದಾರೆ. ಶುಗರ್ ಇಲ್ಲ.

ಇನ್ನೊಂದು. ಮೊನ್ನೆ ಸ್ನಾನ ಮಾಡುವಾಗ ಎಡಗಡೆ ತಣ್ಣೀರು ಬಿದ್ದಿದ್ದು ತಣ್ಣಗೆ ಅಂತ ಗೊತ್ತಾಯ್ತು. ಎರಡು ಸಲ ಹಾಕ್ಕೊಂಡು ನೋಡ್ದೆ. ಮೂರನೇ ಸಲ ನೋಡ್ಲಿಲ್ಲ, ಫಿಸಿಯೋ ಮೇಡಂ ಹೇಳಿದ್ದು ನೆನಪಾಯ್ತು.

ಎಡದಂಡೆ_ರಾಯಚೂರು
ಅಣ್ಣಾ!!! ನನಗೂ ಮೊದ್ಲು ತಣ್ಣಗ ಅನ್ನೂದೇ ಬಂದಿದ್ದು!

ಹೆಸರು_ಬ್ಯಾಡ_ರಾಯಚೂರು
ನಿಮ್ಮ ಮನೆಯವರಿಗೆ ನನ್ನ ಕಡಿಂದ ನಮಸ್ಕಾರ ಹೇಳ್ರಿ.

ಹನುಮನಾಳ_ಹುಡುಗ
ಖುಷಿ ಆತು ಅಣ್ಣಾ, ಖರೇನ. ಕೆಲಸಕ್ಕ ಹೊಂಟೀರೇನು? ಕುಂದ್ರೂದು ಹೆಂಗ ಮಾಡ್ತೀರಿ? ನಾನು ಆನ್‌ಲೈನ್‌ನಾಗ ರಿಂಗ್ ಥರದ್ದು ಕುಶನ್ ತರಿಸಿದ್ದೆ, ಅದರ ಮ್ಯಾಲ ಕುಂತ್ರ ಇನ್ನೂ ಎಳೀತತಿ.

ಕೌಲ್_ಬಜಾರ್_ಟೈಲರ್
ರಿಂಗ್ ಬ್ಯಾಡ ತಮ್ಮ, ನಡುವಿನ ಜಾಗ ಕೆಳಗೆ ಜಗ್ಗುತ್ತೆ. ನಾನು ವೇಸ್ಟ್ ಡೆನಿಮ್‌ನಾಗೆ ನಾನೇ ಹೊಲ್ಕೊಂಡಿದೀನಿ. ಎರಡು ಗಟ್ಟಿ ಫೋಮ್ ಪಟ್ಟಿ, ಎಡಕ್ಕೊಂದು ಬಲಕ್ಕೊಂದು, ಒಂದೊಂದು ಕುಂಡಿ ಮೂಳೆ ಒಂದೊಂದರ ಮೇಲೆ ಬರ್ಬೇಕು, ನಡುವೆ ಮುಂದಿಂದ ಹಿಂದಿನ ತನಕ ಖಾಲಿ. ಮೆತ್ತನೆ ಫೋಮ್ ಹಾಕಿದ್ರೆ ಕುಸಿದು ನಡುವೆ ತಾಗುತ್ತೆ, ಗಟ್ಟೀದೇ ಬೇಕು. ಮೊಬೈಲ್ ಅಲಾರಂ ಇಟ್ಕೊಂಡು 20 ನಿಮಿಷಕ್ಕೊಂದ್ಸಲ ಎದ್ದು ಕಟಿಂಗ್ ಟೇಬಲ್‌ಗೆ ಹೋಗಿ ನಿಂತು ಕೆಲಸ ಮಾಡ್ತೀನಿ, ಓನರ್ ಒಪ್ಪಿದಾರೆ. ನಿನ್ನ ಸೊಂಟದ ಅಳತೆ ಕಳ್ಸು, ಒಂದು ಹೊಲಿದು ಕೊಪ್ಪಳ ಬಸ್ಸಿಗೆ ಹಾಕ್ತೀನಿ.

ಕೊಪ್ಪಳದ_ಟೀಚರ್
ಅಣ್ಣಾರ, ನನಗೊಂದು. ಸ್ಟಾಫ್ ಮೀಟಿಂಗಿಗೆ.